ಮುನೀಂದ್ರನ ದೀಪದ ಗಾಡಿ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರು, ಮಾರಿಕುಪ್ಪಂ ರೈಲಿಂದ ಇಳಿದವರು ಆಟೋ ಹುಡುಕುತ್ತ ಬರುವ ಜಾಗದಲ್ಲಿ, ಒಂದು ಬಿಳೀ ಅಂಬಾಸಿಡರ್ ನಿಂತಿರುತ್ತದೆ. ಬಿಳೀ ಎಂದದ್ದು ಮರ್ಯಾದೆಗೆ. ಅದರ ಮೈಮೇಲೆ ಎಷ್ಟು ಪದರ ಪೇಂಟು ಕೂತಿದೆಯೆಂದರೆ, ಎಲ್ಲವನ್ನೂ ಕೆರೆದು ತೆಗೆದರೆ ಒಳಗೆ ಒಂದು ಸೈಕಲ್ಲಿನಷ್ಟು ಗಾಡಿ ಸಿಕ್ಕೀತು ಎಂದು ಸ್ಟ್ಯಾಂಡಿನ ಆಟೋದವರು ಆಡಿಕೊಳ್ಳುತ್ತಾರೆ. ಅದರ ಮಾಲೀಕ, ಡ್ರೈವರ್, ಮೆಕ್ಯಾನಿಕ್ ಮತ್ತು ವಕೀಲ ಎಲ್ಲವೂ ಮುನೀಂದ್ರನೇ. ವಕೀಲ ಏಕೆಂದರೆ, ಆ ಗಾಡಿಯ ಮೇಲೆ ದಿನಕ್ಕೊಂದಾದರೂ ಆಪಾದನೆ ಬರುತ್ತಿತ್ತು, ಅವನು ಇವತ್ತಿನವರೆಗೆ ಒಂದನ್ನೂ ಒಪ್ಪಿಕೊಂಡವನಲ್ಲ. ಸ್ಟೇರಿಂಗು ಸಡಿಲವಾಗಿದೆ, ಬಂಗಾರಪೇಟೆಯಲ್ಲಿ ತಿರುಗಿಸಿದರೆ ಗಾಡಿ ಕೋಲಾರದಲ್ಲಿ ತಿರುಗುತ್ತದೆ ಎಂದು ಯಾರಾದರೂ ಅಂದರೆ, ಸಡಿಲವಲ್ಲ, ಅದು ಯೋಚನೆ ಮಾಡಿ ತಿರುಗುವ ಗಾಡಿ, ನಿನ್ನ ಹಾಗೆ ಅವಸರದ ಬುದ್ಧಿಯದಲ್ಲ ಎನ್ನುತ್ತಿದ್ದ. ಸೀಟಿನ ಸ್ಪ್ರಿಂಗು ಚುಚ್ಚುತ್ತದೆ ಎಂದರೆ, ಅದು ರಕ್ತ ಓಡಾಡಲಿ ಅಂತ ಕಂಪನಿಯವರೇ ಇಟ್ಟದ್ದು ಎನ್ನುತ್ತಿದ್ದ.

ಈ ಗಾಡಿಗೆ ಇಷ್ಟು ವರ್ಷ ಅನ್ನ ಹಾಕಿದ್ದು ರೈಲಿನ ಪ್ರಯಾಣಿಕರಲ್ಲ. ಒಂದು ದೀಪ.

ಬೂದಿಕೋಟೆ ಸುತ್ತಮುತ್ತಲ ಅವನ ಬಳಗದಲ್ಲಿ ಒಂದು ಪದ್ಧತಿಯಿದೆ. ಮದುವೆಗೆಂದು ಹೆಣ್ಣು ಮನೆ ಬಿಟ್ಟು ಛತ್ರಕ್ಕೆ ಹೊರಟಾಗ, ಮನೆದೇವರ ಮುಂದೆ ಹಚ್ಚಿದ ತಂಬಿಟ್ಟಿನ ದೀಪವನ್ನು ಅವಳ ಮಡಿಲಿಗೆ ಕೊಟ್ಟು ಕಳಿಸುತ್ತಾರೆ. ಅಕ್ಕಿ ಹಿಟ್ಟು, ಬೆಲ್ಲ ಕಲಸಿ ಬಟ್ಟಲಿನ ಹಾಗೆ ಗುಳಿ ಮಾಡಿ, ತುಪ್ಪ ಸುರಿದು ಬತ್ತಿ ಇಟ್ಟ ದೀಪ ಅದು. ಛತ್ರದ ಹಸೆಯ ಪಕ್ಕ ಇಳಿಸುವ ತನಕ ಅದು ಆರಬಾರದು, ತುಪ್ಪ ಚೆಲ್ಲಬಾರದು. ಚೆಲ್ಲಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಚೆಲ್ಲಿದ್ದೇ ಇಲ್ಲ. ಮುನೀಂದ್ರನ ತಂದೆ ಆಂಜಿನಪ್ಪ ಎತ್ತಿನ ಗಾಡಿಯಲ್ಲಿ ಈ ದೀಪ ಕೊಂಡೊಯ್ಯುತ್ತಿದ್ದ. ಅವನ ಎತ್ತುಗಳು ಮದುವೆಯ ದಿನ ಉಸಿರು ಬಿಗಿಹಿಡಿದು ನಡೆಯುತ್ತಿದ್ದವಂತೆ, ಛತ್ರ ಮುಟ್ಟಿದ ಮೇಲೆಯೇ ಉಸಿರು ಬಿಡುತ್ತಿದ್ದವಂತೆ. ಎತ್ತುಗಳ ನಂತರ ಅಂಬಾಸಿಡರ್ ಬಂತು. ಒಮ್ಮೆ ಕಾಮಸಮುದ್ರದ ಹತ್ತಿರ ಚಕ್ರ ಕಳಚಿಹೋದಾಗ ಮುನೀಂದ್ರ ಉಳಿದ ಮೂರೇ ಚಕ್ರದಲ್ಲಿ ಗಾಡಿಯನ್ನು ಛತ್ರ ಮುಟ್ಟಿಸಿದ್ದನಂತೆ, ದೀಪದ ಕುಡಿ ಅಲುಗಲಿಲ್ಲವಂತೆ. ಈಚೆಗೆ ಅವನು ಈ ಕಥೆ ಹೇಳುವಾಗ ಎರಡೇ ಚಕ್ರ ಉಳಿದಿದ್ದವು.

ಹೀಗಾಗಿ ಅವನಿಗೆ ದೀಪದ ಮುನೀಂದ್ರ ಎಂದೇ ಹೆಸರು. ಯಾವ ಛತ್ರಕ್ಕೆ ಹೋದರೂ ಹೆಣ್ಣನ್ನು ಇಳಿಸಿದ ಕೂಡಲೇ ಮೊದಲ ತಾಂಬೂಲ ಅವನಿಗೆ. ಬೀಗರಿಗೆ ಆಮೇಲೆ. ಉಳಿದ ದಿನಗಳಲ್ಲಿ ಆಟೋದವರ ಬಾಯಿಗೆ ಸಿಕ್ಕಿ ಪುಡಿಯಾಗುವ ಮನುಷ್ಯ, ಆ ಒಂದು ಗಳಿಗೆ ಜಿಲ್ಲಾಧಿಕಾರಿಯ ಹಾಗೆ ಎದೆ ಸೆಟೆಸಿ ನಿಲ್ಲುತ್ತಿದ್ದ.

ಇಂಥ ಮನುಷ್ಯನ ಬಾಳಿನೊಳಗೆ ಅವನ ಹೆಂಡತಿಯ ತಮ್ಮ ಹೊಸ ಕಾರು ತಂದು ನಿಲ್ಲಿಸಿದ.

ಸೊಣ್ಣಮ್ಮನ ತಮ್ಮ ಶಿವಕುಮಾರ್ ಆಂಡರ್ಸನ್‌ಪೇಟೆಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿದ್ದ. ಅವನ ಹೊಲದ ನಡುವೆಯೇ ಎಕ್ಸ್‌ಪ್ರೆಸ್‌ವೇ ಹಾದುಹೋಗಿ, ಹೊಲಕ್ಕೆ ಬದಲಾಗಿ ಪರಿಹಾರ ಬಂತು. ರಸ್ತೆ ತಿಂದ ಹೊಲದ ದುಡ್ಡಿನಲ್ಲಿ ಅವನು ರಸ್ತೆಯನ್ನೇ ತಿನ್ನುವಂಥ ಕಾರು ತಂದ. ಯಾವುದೋ ಜರ್ಮನ್ ಕಂಪನಿಯದು, ಕಡುನೀಲಿ ಬಣ್ಣದ್ದು, ಉದ್ದಕ್ಕೆ ಮಲಗಿದ ಚಿರತೆಯ ಹಾಗಿತ್ತು. ಕಂಪನಿಯ ಹೆಸರನ್ನು ಮುನೀಂದ್ರ ಒಂದು ದಿನವೂ ಬಾಯಲ್ಲಿ ಆಡಲಿಲ್ಲ. ‘ಅದು’ ಎನ್ನುತ್ತಿದ್ದ. ಮನೆಗೆ ಬೇಡದ ಸೊಸೆಯನ್ನು ಕರೆಯುವ ಹಾಗೆ.

ಶಿವಕುಮಾರ್ ಮೊಟ್ಟಮೊದಲು ಕಾರನ್ನು ಭಾವನಿಗೇ ತೋರಿಸಬೇಕೆಂದು ಸ್ಟೇಷನ್ ಹತ್ತಿರ ತಂದ. ಅದು ಬಂದದ್ದೇ ಮುನೀಂದ್ರನಿಗೆ ಗೊತ್ತಾಗಲಿಲ್ಲ. ಬೋಂಡ ತಿನ್ನುತ್ತ ನಿಂತವನು ತಿರುಗಿ ನೋಡಿದರೆ ಪಕ್ಕದಲ್ಲೇ ಬೆಕ್ಕಿನ ಹಾಗೆ ಬಂದು ನಿಂತಿತ್ತು. ಆಟೋದವರೆಲ್ಲ ಸುತ್ತುಗಟ್ಟಿದರು. ಒಬ್ಬ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡ. ಶಿವಕುಮಾರ್ ಒಳಗಿನ ಗುಂಡಿಗಳನ್ನು ತೋರಿಸಿದ. ಒಂದನ್ನು ಒತ್ತಿದರೆ ಗಾಡಿ ಮೆತ್ತಗಾಗಿ ಹಳ್ಳದ ಮೇಲೂ ತೇಲುತ್ತದೆ, ಇನ್ನೊಂದನ್ನು ಒತ್ತಿದರೆ ಬಿಗಿಯಾಗಿ ತಿರುವಿನಲ್ಲಿ ನೆಲ ಕಚ್ಚುತ್ತದೆ ಎಂದ. ಮುನೀಂದ್ರ ಬೋಂಡವನ್ನು ನಿಧಾನವಾಗಿ ಅಗಿದು ನುಂಗಿದ. ಅವನ ಗಾಡಿಗೂ ಅಂಥ ಎರಡು ಗುಣ ಇದ್ದವು, ಹೋಗುವುದು ಮತ್ತು ಹೋಗದೇ ಇರುವುದು, ಎರಡೂ ಗಾಡಿಯ ಇಷ್ಟಕ್ಕೆ ಬಿಟ್ಟದ್ದು.

“ಸದ್ದೇ ಇಲ್ವಲ್ಲಾ ಶಿವಕುಮಾರ,” ಎಂದ ಕೊನೆಗೆ. “ಸದ್ದಿಲ್ದೆ ಬರೋದು ಇಬ್ರೇ. ಒಬ್ಬ ಕಳ್ಳ, ಇನ್ನೊಂದು ಸಕ್ಕರೆ ಕಾಯ್ಲೆ.”

ಆಟೋದವರು ನಕ್ಕರು. ಆದರೆ ಕಾರಿನ ಸುತ್ತಲಿಂದ ಒಬ್ಬನೂ ಕದಲಲಿಲ್ಲ.

ಆವತ್ತಿಂದ ಮುನೀಂದ್ರನ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಸೊಣ್ಣಮ್ಮ ಗ್ಯಾಸು ಹಚ್ಚದೆ ಆ ಹೊಟ್ಟೆಯ ಮೇಲೇ ಎಸರಿಟ್ಟು ಮುದ್ದೆ ತೊಳಸಬಹುದಿತ್ತು. ಅವಳು ಆ ಕೆಲಸ ಮಾಡದೆ, ತಮ್ಮ ಕಾರು ತಗೊಂಡದ್ದಕ್ಕೆ ಪಕ್ಕದ ಮನೆಯವರಿಗೆಲ್ಲ ಸಕ್ಕರೆ ಹಂಚಿದಳು. ತನ್ನ ಮನೆಯ ಸಕ್ಕರೆಯೇ ತನ್ನ ವೈರಿಯ ಕಾರಿಗೆ ಹಂಚಿಕೆಯಾದದ್ದು ಮುನೀಂದ್ರನಿಗೆ ತಡೆಯಲಾಗಲಿಲ್ಲ. ಒಂದು ವಾರ ಕರೀ ಕಾಫಿಯನ್ನು ಸಪ್ಪಗೆ ಕುಡಿದ.

ಗುಟ್ಟಾಗಿ ಫೋನಿನಲ್ಲಿ ಆ ಕಾರಿನ ವಿಡಿಯೋಗಳನ್ನು ನೋಡತೊಡಗಿದ. ಕಪ್ಪು ಕನ್ನಡಕದ ಹುಡುಗರು ಬೆಟ್ಟದ ರಸ್ತೆಯಲ್ಲಿ ಅದನ್ನು ಓಡಿಸುತ್ತ, ಹಿಂದಿನ ಮಾಡೆಲ್ಲಿಗೆ ಹೋಲಿಸುತ್ತ, ಬೇರೆ ಕಂಪನಿಯದಕ್ಕೆ ಹೋಲಿಸುತ್ತ, ಕೂತರೆ ಹೀಗೆ, ತಿರುಗಿದರೆ ಹೀಗೆ ಎಂದು ಬಣ್ಣಿಸುತ್ತಿದ್ದರು. ಪ್ರತಿಯೊಬ್ಬನೂ ಹೊಗಳುವವನೇ. ಕೈಯಲ್ಲಿ ಸೋಡಾ ಬಾಟ್ಲಿ ಹಿಡಿದು, ಒಂದು ಕುಂದು ಸಿಕ್ಕೀತೇ ಎಂದು ಮುನೀಂದ್ರ ಕಾದ. ಕೊನೆಗೆ ಒಬ್ಬ ಪುಣ್ಯಾತ್ಮ, ಆ ಬಿಗಿ ಗುಂಡಿ ಒತ್ತಿದರೆ ಕೆಟ್ಟ ರಸ್ತೆಯಲ್ಲಿ ಸ್ವಲ್ಪ ಗಟ್ಟಿ ಅನ್ನಿಸುತ್ತದೆ ಎಂದ. ಮುನೀಂದ್ರನಿಗೆ ಗಣಿಯಲ್ಲಿ ಬಂಗಾರ ಸಿಕ್ಕ ಹಾಗಾಯಿತು. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಹೇಳುವಾಗ ‘ಸ್ವಲ್ಪ’ ಬಿದ್ದುಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಕೂತವರು ಬೆನ್ನುಮೂಳೆ ಕೈಯಲ್ಲಿ ಹಿಡಿದುಕೊಂಡೇ ಇಳಿಯಬೇಕು ಎಂಬಲ್ಲಿಗೆ ಬಂತು. ಸಂಜೆಗೆ ಮುಳಬಾಗಿಲಲ್ಲಿ ಒಬ್ಬ ಆಸ್ಪತ್ರೆಗೆ ಸೇರಿಯೂ ಆಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಹೊಟ್ಟೆಯುರಿ ತಾನಾಗಿ ತಣ್ಣಗಾಗುತ್ತಿತ್ತೋ ಏನೋ. ಅಷ್ಟರಲ್ಲಿ ನವ್ಯಳ ಮದುವೆ ಗೊತ್ತಾಯಿತು.

ನವ್ಯ ಬೂದಿಕೋಟೆ ಕಡೆಯ ಹುಡುಗಿ, ಮುನೀಂದ್ರನ ಅಣ್ಣತಮ್ಮಂದಿರ ಪೈಕಿಯ ರಾಮಚಂದ್ರಪ್ಪನ ಮಗಳು. ಆ ಮನೆಯಲ್ಲಿ ಮಾತು ನಡೆಯುವುದು ರಾಮಚಂದ್ರಪ್ಪನ ತಾಯಿ ಅಮ್ಮಾಜಮ್ಮನದು. ಮುನೀಂದ್ರನಿಗೆ ದೊಡ್ಡಮ್ಮನಾಗಬೇಕು. ಆಕೆ ಕೆಮ್ಮಿದರೆ ಬಳಗದ ಅರ್ಧ ಜನ ನೀರು ತರುತ್ತಾರೆ, ಇನ್ನರ್ಧ ಜನ ಏನು ತಪ್ಪು ಮಾಡಿದೆವೋ ಎಂದು ಹೆದರುತ್ತಾರೆ. ಮದುವೆ ಆಂಡರ್ಸನ್‌ಪೇಟೆಯ ಛತ್ರದಲ್ಲಿ. ನವ್ಯಳಿಗೆ ಶಿವಕುಮಾರ್ ಮಾಮನ ಕಾರಿನಲ್ಲಿ ಹೋಗಿ ಇಳಿಯಬೇಕೆಂಬ ಆಸೆ. ದೀಪ ಹೆಣ್ಣಿನ ಮಡಿಲಲ್ಲಿರುತ್ತದೆ, ಹೆಣ್ಣು ಹೋದ ಕಾರಿನಲ್ಲಿ ದೀಪ ಹೋಗುತ್ತದೆ.

ಸುದ್ದಿ ಕೇಳಿದ ಮುನೀಂದ್ರ ಅಂಬಾಸಿಡರನ್ನು ಬೂದಿಕೋಟೆ ರಸ್ತೆಯಲ್ಲಿ ಎಷ್ಟು ಜೋರಾಗಿ ಓಡಿಸಿದನೆಂದರೆ ಎರಡು ಸೈಕಲ್ಲುಗಳನ್ನು ಹಿಂದೆ ಹಾಕಿದ. ಅಮ್ಮಾಜಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಶಿವಕುಮಾರ್ ಆಗಲೇ ಬಂದು ಅಲ್ಲಿ ಕೂತಿದ್ದ, ತಾನೂ ಒಂದು ಹಿಡಿ ಕಾಯಿ ಸುಲಿಯುತ್ತಿದ್ದ. ಆ ದೃಶ್ಯವೇ ಮುನೀಂದ್ರನಿಗೆ ಸಾಕಾಯಿತು. ‘ಅದರ’ ಚಕ್ರದ ರಬ್ಬರು ದೋಸೆಯಷ್ಟು ತೆಳ್ಳಗಿದೆ, ಸಣ್ಣ ಕಲ್ಲು ಸಿಕ್ಕರೂ ನೇರ ದೀಪಕ್ಕೇ ಬಡಿಯುತ್ತದೆ, ತುಪ್ಪ ಹುಡುಗಿಯ ರೇಷ್ಮೆ ಸೀರೆಯ ಮೇಲೆ ಅಭಿಷೇಕವಾಗುತ್ತದೆ ಎಂದು ವಾದ ಹೂಡಿದ. ಶಿವಕುಮಾರ್ ಕಾಯಿ ಸುಲಿಯುತ್ತಲೇ, ಭಾವನ ಗಾಡಿಯಲ್ಲಿ ತುಪ್ಪ ಚೆಲ್ಲುವ ಮಾತೇ ಇಲ್ಲ, ಏಕೆಂದರೆ ಅದಕ್ಕೂ ಮೊದಲು ದೀಪವೇ ಪುಡಿಯಾಗಿ ಮತ್ತೆ ಅಕ್ಕಿ ಹಿಟ್ಟಾಗುತ್ತದೆ ಎಂದ. ಮುನೀಂದ್ರ ಎರಡು ಚಕ್ರದ ಕಥೆ ತೆಗೆದ. ಶಿವಕುಮಾರ್ ಹೋದ ಸಲ ಮೂರು ಚಕ್ರ ಇದ್ದವು ಎಂದು ನೆನಪಿಸಿದ.

ಅಮ್ಮಾಜಮ್ಮ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. “ಬಾಯಲ್ಲಿ ಗಾಡಿ ಓಡಿಸ್ಬ್ಯಾಡ್ರಿ ಇಬ್ರೂ. ದೀಪ ಅಚ್ಚಿ ಕೊಡ್ತೀನಿ. ಬಂಗಾರಪೇಟೆ ರೈಲ್ವೆ ಅಳಿ ತಂಕ ಓಗಿ ಬರ್ರಿ. ಯಾರ ಗಾಡೀಲಿ ಚೆಲ್ಲಲ್ವೋ ದೀಪ ಅವ್ರುದ್ದು.”

ಇಬ್ಬರೂ ಎದ್ದರು. ಆಕೆ ಕೈಯೆತ್ತಿ ತಡೆದಳು.

“ಅವರವರ ಗಾಡೀಲಿ ಅವರವರ ಕಡೆಯೋರು ಇಡ್ಕಂಡ್ರೆ ಬೆಟ್ಟ ಅತ್ತಿಸಿದ್ರೂ ಚೆಲ್ಲಲ್ಲ. ಮುನೀಂದ್ರ, ನೀನು ಅವನ ಗಾಡೀಲಿ ಇಡ್ಕ. ಅವ್ನು ನಿನ್ನ ಗಾಡೀಲಿ ಇಡ್ಕಳ್ಳಿ. ಮನೆದೇವ್ರ ದೀಪ, ನೆನಪಿರ್ಲಿ. ಬೇಕಂತ ಅಲ್ಲಾಡಿಸ್ದೋನ ಕಣ್ಣು ಓಗ್ತವೆ.”

ಬಳಗದಲ್ಲಿ ಯಾರಿಗೂ ಈ ಏರ್ಪಾಡು ತಲೆಕೆಳಗು ಅನ್ನಿಸಲಿಲ್ಲ. ವೈರಿಯ ಕೈಗೇ ದೀಪ ಕೊಟ್ಟರೆ ಅದಕ್ಕಿಂತ ನ್ಯಾಯ ಇನ್ನೇನಿದೆ ಎಂದರು. ಮೊಣಕಾಲನ್ನು ಒಂದು ಕೂದಲೆಳೆ ಓರೆ ಮಾಡಿದರೆ ಸಾಕಲ್ಲ ಎಂದು ಮುನೀಂದ್ರನ ಮನಸ್ಸು ಲೆಕ್ಕ ಹಾಕಿದ್ದು ನಿಜ. ಆದರೆ ಕಣ್ಣಿಲ್ಲದ ಡ್ರೈವರಿಗೆ ಯಾರು ಬಾಡಿಗೆ ಕೊಡುತ್ತಾರೆ? ಆದ್ದರಿಂದ ದೀಪ ತಾನಾಗಿ ಚೆಲ್ಲಲಿ ಎಂದು ಮನೆದೇವರಿಗೇ ಹರಕೆ ಹೊತ್ತ.

ಪರೀಕ್ಷೆಗೆ ಮೊದಲು ಅಮ್ಮಾಜಮ್ಮ ಇಬ್ಬರಿಗೂ ಊಟ ಹಾಕಿದಳು. ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಹೊಟ್ಟೆಯುರಿ ಇದ್ದವನಿಗೆ ಹಸಿವು ಜಾಸ್ತಿ. ಮುನೀಂದ್ರ ತಿಂದ ಮುದ್ದೆಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಕೆಜಿಎಫಿನಲ್ಲಿ ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ದಿಬ್ಬದ ಪಕ್ಕ ಇನ್ನೊಂದು ದಿಬ್ಬ ಏಳುತ್ತಿತ್ತು.

ಮೊದಲ ಸರದಿ ಅಂಬಾಸಿಡರಿನದು. ಶಿವಕುಮಾರ್ ಹಿಂದಿನ ಸೀಟಿನಲ್ಲಿ ದೀಪದ ತಟ್ಟೆ ಹಿಡಿದು ಕೂತ, ಮುನೀಂದ್ರ ಓಡಿಸಿದ. ಗಾಡಿ ಹೊರಟದ್ದನ್ನು ಪಕ್ಕದೂರಿನವರೂ ಕೇಳಿಸಿಕೊಂಡರು. ವಾಪಸು ಬಂದಾಗ ಶಿವಕುಮಾರನ ಇಸ್ತ್ರಿ ಅಂಗಿ ಬೀಡಿ ಎಲೆಯ ಹಾಗೆ ಮುದುಡಿತ್ತು, ಹಣೆಯಲ್ಲಿ ನಿಂಬೆಕಾಯಿಯಷ್ಟು ಬುಗುಟು, ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಎಲ್ಲೋ ಇಳಿದುಹೋಗಿತ್ತು. ಆದರೆ ಎರಡೂ ಕೈಗಳು ಎದೆಯ ಮುಂದೆ ಹಾಗೇ ಚಾಚಿಕೊಂಡಿದ್ದವು. ಮೈಯನ್ನು ಗಾಡಿಗೆ ಒಪ್ಪಿಸಿ, ಕೈಗಳನ್ನು ದೇವರಿಗೆ ಕೊಟ್ಟು ಕೂತಿದ್ದ. ರೆಪ್ಪೆ ಹೊಡೆದರೂ ತುಪ್ಪ ಚೆಲ್ಲೀತೆಂದು ಪಿಳುಕಿಸದೆ ಅವನ ಕಣ್ಣುಗಳು ಕೆಂಪು ಮೆಣಸಿನಕಾಯಿ ಆಗಿದ್ದವು. ಅಮ್ಮಾಜಮ್ಮ ಅವನ ಕಡೆ ನೋಡಲೇ ಇಲ್ಲ. ದೀಪ ನೋಡಿದಳು. ಒಂದು ಹನಿ ಹೊರಗೆ ಬಿದ್ದಿರಲಿಲ್ಲ.

ಮುನೀಂದ್ರ ಬಾನೆಟ್ಟು ಸವರಿದ. ಅದು ಸುಟ್ಟಿತು, ಆದರೂ ಕೈ ತೆಗೆಯಲಿಲ್ಲ.

ಈಗ ‘ಅದರ’ ಸರದಿ. ಮುನೀಂದ್ರ ಬಾಗಿಲು ತೆರೆದು ಹಿಂದಿನ ಸೀಟಿನ ಅಂಚಿನಲ್ಲಿ ಪೃಷ್ಠದ ಕಾಲುಭಾಗ ಮಾತ್ರ ಊರಿದ. ಪೂರ್ತಿ ಕೂತರೆ ಒಪ್ಪಿಕೊಂಡಂತೆ ಆಗುತ್ತದೆ ಎಂದು ಅವನ ಎಣಿಕೆ. ಸೀಟು ಅವನ ಎಣಿಕೆ ಕೇಳಲಿಲ್ಲ, ತಾಯಿ ಮಗುವನ್ನು ಹಿಂದಕ್ಕೆ ಎಳೆದುಕೊಂಡ ಹಾಗೆ ಇಡೀ ಅವನನ್ನು ಎಳೆದುಕೊಂಡಿತು. ದೀಪ ಆರದಿರಲೆಂದು ಶಿವಕುಮಾರ್ ಎಸಿ ನಿಲ್ಲಿಸಿದ. ಕಾರು ಹೊರಟಿತು ಎಂದು ಮುನೀಂದ್ರನಿಗೆ ತಿಳಿದದ್ದು ಕಿಟಕಿಯಲ್ಲಿ ಅಮ್ಮಾಜಮ್ಮನ ಮನೆ ಹಿಂದಕ್ಕೆ ಸರಿದಾಗ.

ಊರು ದಾಟಿದರೆ ಒಂದು ಹಳ್ಳವಿದೆ. ಅಂಬಾಸಿಡರಿನಲ್ಲಿ ಆ ಹಳ್ಳ ಬಂದರೆ ಮುಂದೆ ಕೂತವರು ಹಿಂದಕ್ಕೂ ಹಿಂದೆ ಕೂತವರು ಮುಂದಕ್ಕೂ ಬರುತ್ತಾರೆ. ಮುನೀಂದ್ರ ಹಲ್ಲು ಕಚ್ಚಿ, ತಟ್ಟೆ ಬಿಗಿಹಿಡಿದು, ಸಂತೋಷದಿಂದ ಕಾದ. ಕಾದ. ಹಳ್ಳ ಬರಲೇ ಇಲ್ಲ. ಹಿಂದಕ್ಕೆ ತಿರುಗಿ ನೋಡಿದರೆ ಹಳ್ಳ ಅಲ್ಲೇ ಇತ್ತು, ಅದರೊಳಗೆ ಒಂದು ಎಮ್ಮೆಕರು ನಿಂತು ನೀರು ಕುಡಿಯುತ್ತಿತ್ತು.

“ರೋಡು ಯಾವಾಗ ರಿಪೇರಿ ಮಾಡಿದ್ರೋ?” ಎಂದು ಕೇಳಿದ.

“ರೋಡು ಅದೇ ಬಾವ,” ಎಂದ ಶಿವಕುಮಾರ್. ಅವನ ದನಿಯಲ್ಲಿ ಜಂಬ ಕೂಡ ಇರಲಿಲ್ಲ. ಇದ್ದಿದ್ದರೆ ಮುನೀಂದ್ರನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಕೆರೆ ಕಟ್ಟೆಯ ತಿರುವು ಬಂತು. ಈ ತಿರುವಿನಲ್ಲಿ ಅಂಬಾಸಿಡರ್ ಒಂದು ಕಡೆಗೆ ವಾಲಿ, ಎಡಕ್ಕೆ ಕೂತವರು ಬಲಕ್ಕೆ ಕೂತವರ ಮೇಲೆ ಬಿದ್ದು, ಎಷ್ಟೋ ಸಂಬಂಧಗಳು ಕುದುರಿದ್ದವು. ‘ಅದು’ ಮಾತ್ರ ಬಟ್ಟೆಯಲ್ಲಿ ಸೂಜಿ ಓಡಿದ ಹಾಗೆ ತಿರುಗಿತು. ಶಿವಕುಮಾರ್ ಎರಡು ಬೆರಳಲ್ಲಿ ಸ್ಟೇರಿಂಗು ಹಿಡಿದಿದ್ದ. ತಿರುಗಿಸಿದ್ದೂ ತಿರುಗಿದ್ದೂ ಒಂದೇ ಗಳಿಗೆಯಲ್ಲಿ. ತುಪ್ಪದ ಮೇಲೆ ಒಂದು ಸುಕ್ಕು ಏಳಲಿಲ್ಲ. ಮುನೀಂದ್ರ ಬಾಗಿ ನೋಡಿದ, ತುಪ್ಪದಲ್ಲಿ ಅವನ ಮುಖವೇ ಕಂಡಿತು, ಹೊಟ್ಟೆಕಿಚ್ಚಿನಲ್ಲಿ ಬೆಂದ ಬದನೆಕಾಯಿಯ ಹಾಗೆ. ತನ್ನ ಕೈ ಜೀವಮಾನವಿಡೀ ಮಲ್ಲಯುದ್ಧ ಮಾಡಿದ ತಿರುವನ್ನು ಇವನು ಎರಡು ಬೆರಳಲ್ಲಿ ದಾಟಿದ್ದ. ತಾನು ಇವನ ಅಕ್ಕನ ಗಂಡನಾಗುವ ಬದಲು ಇವನ ತಮ್ಮನಾಗಿ ಹುಟ್ಟಿದ್ದರೆ ಪಿತ್ರಾರ್ಜಿತದಲ್ಲಿ ಒಂದು ಪಾಲಾದರೂ ಕೇಳಬಹುದಿತ್ತಲ್ಲ ಅನ್ನಿಸಿತು.

ಬಂಗಾರಪೇಟೆಯ ಹಳಿ ಮುಟ್ಟಿ ಕಾರು ತಿರುಗಿತು. ದೀಪ ಉರಿಯುತ್ತಲೇ ಇತ್ತು. ಆಗ ಮುನೀಂದ್ರನಿಗೆ ವಿಡಿಯೋದ ಪುಣ್ಯಾತ್ಮ ನೆನಪಾದ. ಆ ಬಿಗಿ ಗುಂಡಿ ಒತ್ತು ಅಂದ. ಅದು ಜೋರಾಗಿ ಓಡಿಸುವಾಗ ಒತ್ತುವುದು ಎಂದು ಶಿವಕುಮಾರ್ ಹೇಳಿದರೂ ಬಿಡಲಿಲ್ಲ. ಶಿವಕುಮಾರ್ ಒತ್ತಿದ. ಕಾರು ಮೈ ಬಿಗಿ ಮಾಡಿತು. ಮತ್ತು ವಿಡಿಯೋದವನು ಹೇಳಿದ್ದು ನಿಜವೇ ಆಗಿತ್ತು, ಸ್ವಲ್ಪ ಗಟ್ಟಿ ಅನ್ನಿಸಿತು. ಕಿತ್ತುಹೋದ ಟಾರಿನ ಮೇಲೆ ಹೋಗುವಾಗ, ಯಾರೋ ಬೆನ್ನ ಮೇಲೆ ಮೆಲ್ಲಗೆ ತಟ್ಟಿದ ಹಾಗೆ. ತಟ್ಟು, ತಟ್ಟು, ತಟ್ಟು. ಒಳಗೆ ಬಿಸಿಲಿನ ಕಾವು, ತುಪ್ಪದ ಪರಿಮಳ, ಹೊಟ್ಟೆಯಲ್ಲಿ ಮುದ್ದೆಯ ದಿಬ್ಬ. ಇಷ್ಟು ಅಕ್ಕರೆಯಿಂದ ಅವನ ಬೆನ್ನನ್ನು ಹೆತ್ತವಳೂ ತಟ್ಟಿರಲಿಲ್ಲ.

ಎಚ್ಚರವಾದದ್ದು ತೊಡೆ ಚುರುಕ್ ಎಂದಾಗ. ಕಾರು ಅಮ್ಮಾಜಮ್ಮನ ಅಂಗಳದಲ್ಲಿ ನಿಂತಿತ್ತು. ತಟ್ಟೆ ಮೊಣಕಾಲ ಮೇಲೆ ಮಗುಚಿತ್ತು. ತುಪ್ಪವೆಲ್ಲ ಪಂಚೆಗೆ ಇಳಿದು, ಬತ್ತಿ ಪಂಚೆಯಲ್ಲಿ ಕಾಸಗಲ ತೂತು ಮಾಡಿ ಆರಿತ್ತು. ಕಿಟಕಿಯ ಗಾಜಿಗೆ ಮೂಗು ಒತ್ತಿ ಅಮ್ಮಾಜಮ್ಮ ನೋಡುತ್ತಿದ್ದಳು.

“ಮಲ್ಕಂಬುಟ್ಟ ಅತ್ತೆ,” ಎಂದ ಶಿವಕುಮಾರ್ ಇಳಿದು. “ಬಾವ ಗೊರಕೆ ಒಡೀತಿದ್ದ. ನಾನು ಇಂಜಿನ್ನಲ್ಲಿ ಏನೋ ಸದ್ದು ಬಂತು ಅನ್ಕಂಡೆ. ನಿಲ್ಲಿಸ್ಬುಟ್ಟು ತಿರುಗಿ ನೋಡೋಷ್ಟ್ರಲ್ಲಿ ದೀಪ ಮಗುಚ್ತು.”

ಮುನೀಂದ್ರನ ಮುಂದೆ ಎರಡು ದಾರಿಗಳಿದ್ದವು. ನಿಜ ಹೇಳಿದರೆ ದೀಪ ಹೋಗುತ್ತದೆ, ಹೆಸರು ಹೋಗುತ್ತದೆ, ಉಳಿಯುವುದು ಆಟೋದವರ ಬಾಯಿ. ಅವನು ತನ್ನ ಗಾಡಿಯ ಪರವಾಗಿ ವಾದಿಸಿದ ಅಷ್ಟೂ ವರ್ಷಗಳ ಅನುಭವವನ್ನು ಒಟ್ಟುಗೂಡಿಸಿದ.

“ದೀಪ ಇಡ್ಕಂಡು ಯಾರಾನಾ ಮಲ್ಕಂತಾರಾ ದೊಡ್ಡಮ್ಮ? ದೇವ್ರ ಧ್ಯಾನ ಮಾಡ್ತಾ ಕಣ್ಣು ಮುಚ್ಚಿದ್ದೆ. ಇವ್ನು ಬ್ರೇಕು ಆಕ್ದ, ಚೆಲ್ತು.”

ಕಾರಿನಲ್ಲಿ ಮೂರನೆಯವರು ಇರಲಿಲ್ಲ. ಅಮ್ಮಾಜಮ್ಮ ಪಂಚೆಯ ತೂತನ್ನು ಬಹಳ ಹೊತ್ತು ನೋಡಿದಳು. ನೆರೆದವರೂ ಯೋಚಿಸಿ, ಮುನೀಂದ್ರ ಏನೇ ಆಗಿರಲಿ, ಹೊಟ್ಟೆ ಉರಿಯುತ್ತಿರುವ ಮನುಷ್ಯ ವೈರಿಯ ಕಾರಿನಲ್ಲಿ ಮನೆದೇವರ ದೀಪ ಹಿಡಿದು ನಿದ್ದೆ ಮಾಡಿದ ಎಂದರೆ ನಂಬುವುದು ಕಷ್ಟ ಎಂದರು. ಚೆಲ್ಲಿದ್ದು ಚೆಲ್ಲಿದ್ದೇ ಎಂದು ತೀರ್ಮಾನವಾಯಿತು. ದೀಪ, ಹೆಣ್ಣು ಎರಡೂ ಅಂಬಾಸಿಡರಿಗೆ. ಶಿವಕುಮಾರನ ಕಾರು ಹಿಂದೆ ಬರಲಿ, ಹಿರಿಯರು ಅದರಲ್ಲಿ ಕೂರಲಿ ಎಂದಳು ಅಮ್ಮಾಜಮ್ಮ. ನವ್ಯ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಸದ್ದು ಮಾಡಿ ಜೋಡಿಸಿದಳು.

ಮುನೀಂದ್ರ ಗೆದ್ದ. ಗೆದ್ದವನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯತೊಡಗಿತು. ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಒರಗುವುದು ಅವನ ಅಭ್ಯಾಸ. ಈಗ ಒರಗಿದರೆ ಸ್ಪ್ರಿಂಗುಗಳು ಒಂದೊಂದಾಗಿ ಎದ್ದು ಅವನ ಕ್ಷೇಮಸಮಾಚಾರ ಕೇಳತೊಡಗಿದವು. ಒಂದು ದಿನ ‘ಅದು’ ಸ್ಟೇಷನ್ನಿಗೆ ಯಾರನ್ನೋ ಬಿಡಲು ಬಂತು. ಹಿಂದಿನ ಸೀಟಿನಲ್ಲಿ ದಪ್ಪ ಕಂಟ್ರಾಕ್ಟರನೊಬ್ಬ ಬಾಯಿ ತೆರೆದು ಮಲಗಿದ್ದ. ಮುನೀಂದ್ರ ಕಿಟಕಿ ಬಡಿದು ಎಬ್ಬಿಸಿ, ರೈಲು ಹೊರಟಿತು ಎಂದ. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಮೊದಲು ಅವನಿಗೆ ಕಾರಿನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಅದರಲ್ಲಿ ಕೂತ ಪ್ರತಿ ಬೆನ್ನಿನ ಮೇಲೂ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ದಿಬ್ಬಣ ಹೊರಟಿತು. ಅಂಬಾಸಿಡರಿಗೆ ಚೆಂಡುಹೂವಿನ ಹಾರ. ಹಿಂದೆ ನವ್ಯ, ಪಕ್ಕದಲ್ಲಿ ಅವಳ ಗೆಳತಿ ಚಂದನ. ನವ್ಯ ದೀಪದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಮುಂದಿನ ಸೀಟಿಗೆ ಒದ್ದು, ಯುದ್ಧಕ್ಕೆ ಹೊರಟವಳ ಹಾಗೆ ಕೂತಿದ್ದಳು. ಹಿಂದೆ ಬಂದ ಕಾರಿನಲ್ಲಿ ಅಮ್ಮಾಜಮ್ಮ ಮತ್ತು ಸೊಣ್ಣಮ್ಮ. ಅವತ್ತು ಸೊಣ್ಣಮ್ಮ ಗಂಡನ ಗಾಡಿಯ ಕಡೆ ತಿರುಗಿಯೂ ನೋಡದೆ, ಸೆರಗು ಸರಿಮಾಡಿಕೊಂಡು ತಮ್ಮನ ಕಾರು ಹತ್ತಿದ್ದಳು.

ಅಂಬಾಸಿಡರಿನ ಕನ್ನಡಿ ಓಡುವಾಗ ಎಷ್ಟು ನಡುಗುತ್ತದೆಂದರೆ ಹಿಂದೆ ಬರುವ ಒಂದು ಗಾಡಿ ಏಳು ಗಾಡಿಗಳಾಗಿ ಕಾಣುತ್ತದೆ. ಬಂಗಾರಪೇಟೆ ದಾಟಿ ಕೆಜಿಎಫ್ ರಸ್ತೆ ಹಿಡಿದಾಗ ಮುನೀಂದ್ರ ಕನ್ನಡಿಯತ್ತ ನೋಡಿದ. ಏಳು ನೀಲಿ ಕಾರುಗಳು ಸಾಲಾಗಿ ತೇಲಿ ಬರುತ್ತಿದ್ದವು. ಏಳರಲ್ಲೂ ಸೊಣ್ಣಮ್ಮ ತಲೆಯನ್ನು ಹಿಂದಕ್ಕೆ ಚೆಲ್ಲಿ ನಿದ್ದೆ ಮಾಡುತ್ತಿದ್ದಳು. ಏಳರಲ್ಲೂ ಅಮ್ಮಾಜಮ್ಮ ಅವಳ ಭುಜಕ್ಕೆ ಒರಗಿದ್ದಳು. ಒಂದು ನಿದ್ದೆಗೆ ಹೊಟ್ಟೆಕಿಚ್ಚು ಪಡುವುದೇ ಕಷ್ಟ, ಅವನು ಹದಿನಾಲ್ಕಕ್ಕೆ ಪಡಬೇಕಾಯಿತು.

ಛತ್ರದ ಮುಂದೆ ಅಂಬಾಸಿಡರ್ ನಿಂತು, ನಿಂತ ಮೇಲೂ ಸ್ವಲ್ಪ ಹೊತ್ತು ಕುಣಿದು, ಸುಮ್ಮನಾಯಿತು. ನವ್ಯ ಇಳಿದಳು. ಜಡೆಯ ಹೂವು ಅರ್ಧ ಉದುರಿತ್ತು, ಮುಖ ಬೆವರಿ ಹೋಗಿತ್ತು, ಆದರೆ ದೀಪ ಉರಿಯುತ್ತಿತ್ತು, ಸೀರೆಗೆ ಒಂದು ಹನಿ ತಾಗಿರಲಿಲ್ಲ. ಓಲಗದವರು ಊದಿದರು. ರಾಮಚಂದ್ರಪ್ಪ ತಾಂಬೂಲದ ತಟ್ಟೆ ಹಿಡಿದು ಮುನೀಂದ್ರನ ಕಡೆ ಬಂದ.

ಅಷ್ಟರಲ್ಲಿ ಹಿಂದಿನ ಕಾರಿನ ಸುತ್ತ ಗದ್ದಲವಾಯಿತು. ಅಮ್ಮಾಜಮ್ಮ ಇಳಿಯುತ್ತಿಲ್ಲ, ಕರೆದರೆ ಮಾತಾಡುತ್ತಿಲ್ಲ. ಹೆಂಗಸರು ಎದೆ ಹಿಡಿದುಕೊಂಡರು. ಶಿವಕುಮಾರ್ ಬಾಗಿ ಅತ್ತೆಯ ಕೈ ಅಲುಗಿಸಿದ. ಆಕೆ ಕಣ್ಣು ಬಿಟ್ಟಳು, ಆಕಳಿಸಿದಳು, ಇಷ್ಟು ಬೇಗ ಯಾಕೆ ಬಂದಿರಿ ಎಂದು ಕೇಳಿದಳು. ಆಮೇಲೆ ಪಕ್ಕದಲ್ಲಿ ಇನ್ನೂ ಮಲಗಿದ್ದ ಸೊಣ್ಣಮ್ಮನನ್ನು ನೋಡಿದಳು. ತನ್ನ ಮಡಿಲನ್ನು ನೋಡಿಕೊಂಡಳು. ಮಡಿಲಲ್ಲಿದ್ದ ಎಲೆಅಡಿಕೆ ಚೀಲ ಮಗುಚಿ ಅಡಿಕೆಯೆಲ್ಲ ಕಾರಿನ ತುಂಬ ಚೆಲ್ಲಿತ್ತು.

ಆಕೆ ಇಳಿದು ನೇರ ಮುನೀಂದ್ರನ ಮುಂದೆ ಬಂದು ನಿಂತಳು. ಓಲಗ ನಿಂತಿತು.

“ಆವತ್ತು ನೀನು ಮಲ್ಕಂಡಿದ್ದೆ ಕಣ್ಲಾ,” ಎಂದಳು.

ಅದು ಪ್ರಶ್ನೆಯಾಗಿರಲಿಲ್ಲ. ಮುನೀಂದ್ರ ತಾಂಬೂಲದ ತಟ್ಟೆ ನೋಡಿದ. ಶಿವಕುಮಾರನನ್ನು ನೋಡಿದ. ವಕೀಲಿಕೆಗೆ ಬಾಯಿ ತೆರೆದ. ಬಾಯಿಂದ ಬೇರೆಯೇ ಬಂತು.

“ಊಂ ದೊಡ್ಡಮ್ಮ. ಎಂಥಾ ನಿದ್ದೆ ಅಂತೀಯ. ನನ್ನ ಜಲ್ಮದಲ್ಲಿ ಅಂಥಾ ನಿದ್ದೆ ಮಾಡಿರ್ನಿಲ್ಲ.”

ಜನ ಮುನೀಂದ್ರನ ತಾಂಬೂಲ ಶಿವಕುಮಾರನ ಕೈಗೆ ಹೋಗುವುದನ್ನು ನೋಡಲು ಹತ್ತಿರ ಸರಿದರು. ಶಿವಕುಮಾರ್ ಕೂಡ ಕೈ ಒರೆಸಿಕೊಂಡ. ಅಮ್ಮಾಜಮ್ಮ ಮೊಮ್ಮಗಳ ಕೈಯಲ್ಲಿ ನೆಟ್ಟಗೆ ಉರಿಯುತ್ತಿದ್ದ ದೀಪವನ್ನೂ, ದಾರಿಯುದ್ದಕ್ಕೂ ರೆಪ್ಪೆ ಹೊಡೆಯದೆ ಕೆಂಪಾದ ಅವಳ ಕಣ್ಣನ್ನೂ ನೋಡಿದಳು. ಮತ್ತೆ ಆ ನೀಲಿ ಕಾರಿನ ಕಡೆ ನೋಡಿ, ಬಂದ ಆಕಳಿಕೆಯನ್ನು ನುಂಗಿಕೊಂಡಳು.

“ದೀಪ ಮುನೀಂದ್ರಂಗೇ,” ಎಂದಳು. “ಆ ಗಾಡೀಲಿ ಕೂತ್ರೆ ಮದುವೆ ಎಣ್ಣೂ ಮಲ್ಕಂತಾಳೆ, ದೀಪಾನೂ ಮಲ್ಕಂತದೆ. ನಿನ್ನ ಗಾಡೀಲಿ ಎಣ ಆಕಿದ್ರೂ ಎದ್ದು ಕೂತ್ಕಂತದೆ. ದೀಪ ಕಾಯೋಕೆ ಅಂಥದ್ದೇ ಬೇಕು.”

ಹೆಣದ ಸುದ್ದಿ ಮದುವೆ ಛತ್ರದ ಬಾಗಿಲಲ್ಲಿ ಆಡುವ ಮಾತಲ್ಲ. ಆದರೆ ಅಮ್ಮಾಜಮ್ಮನಿಗೆ ಅದನ್ನು ಹೇಳುವವರು ಯಾರು? ಮೊದಲು ನವ್ಯ ನಕ್ಕಳು, ಆಮೇಲೆ ಛತ್ರವೇ ನಕ್ಕಿತು, ಓಲಗದವನಿಗೆ ಉಸಿರು ಹಿಡಿಯಲಾಗದೆ ಊದಿದ್ದು ಅಪಸ್ವರವಾಯಿತು. ರಾಮಚಂದ್ರಪ್ಪ ತಾಂಬೂಲವನ್ನು ಮುನೀಂದ್ರನ ಕೈಗಿಟ್ಟ. ಬೀಗರಿಗಿಂತ ಮೊದಲು, ಎಂದಿನ ಹಾಗೆ. ಮುನೀಂದ್ರ ಎದೆ ಸೆಟೆಸಲು ನೋಡಿದ. ಅದು ಸ್ವಲ್ಪ ಎದ್ದು ಹಾಗೇ ಇಳಿದುಹೋಯಿತು.

ಮಾತು ಅಡುಗೆಯವರ ತನಕ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮದುವೆ ಮುಗಿದು ಹೊರಡುವ ಹೊತ್ತಿಗೆ ಶಿವಕುಮಾರನ ಕಾರಿನ ಸುತ್ತ ಬಳಗದ ಮುದುಕರೆಲ್ಲ ಸಾಲುಗಟ್ಟಿದ್ದರು. ಸೊಂಟ ನೋವಿನವರು, ಮಂಡಿ ನೋವಿನವರು, ಮಗಳ ಮದುವೆಯ ಚಿಂತೆಯಲ್ಲಿ ನಿದ್ದೆ ಬಿಟ್ಟವರು. ಬೂದಿಕೋಟೆಗೆ ಹೋಗಬೇಕಾದವರಷ್ಟೇ ಅಲ್ಲ, ಅಲ್ಲೇ ಪಕ್ಕದ ಬೀದಿಯವರೂ ಒಂದು ಸಲ ಬೂದಿಕೋಟೆಗೆ ಹೋಗಿ ಬರುತ್ತೇವೆ ಎಂದು ನಿಂತಿದ್ದರು. ಶಿವಕುಮಾರ್ ಒಬ್ಬೊಬ್ಬರನ್ನೇ ಕೈಹಿಡಿದು ಕೂರಿಸುತ್ತಿದ್ದ. ಸೊಣ್ಣಮ್ಮ ಎಲ್ಲರಿಗಿಂತ ಮೊದಲೇ ಹತ್ತಿ ಕಿಟಕಿ ಪಕ್ಕ ಕೂತಿದ್ದಳು. ತನ್ನ ಪಕ್ಕದ ಜಾಗಕ್ಕೆ ಸೆರಗು ಹಾಸಿ, ಗಂಡನನ್ನು ನೋಡಿ ಬಾ ಎಂದು ಕೈ ಬೀಸಿದಳು.

ಮುನೀಂದ್ರ ಎರಡು ಹೆಜ್ಜೆ ಮುಂದಿಟ್ಟ. ಆ ಸೀಟು ಅಲ್ಲಿಂದಲೇ ಅವನ ಬೆನ್ನನ್ನು ಎಳೆಯುತ್ತಿತ್ತು. ಆಮೇಲೆ ಹಿಂದಕ್ಕೆ ತಿರುಗಿ, ಬಾಡಿದ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತ ಅಂಬಾಸಿಡರನ್ನು ನೋಡಿದ. ಅದನ್ನು ಆಂಡರ್ಸನ್‌ಪೇಟೆಯಿಂದ ಮನೆಗೆ ಓಡಿಸಿಕೊಂಡು ಹೋಗಬಲ್ಲವರು ಇಡೀ ಕೋಲಾರ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಲ್ಲ.